ಗಂಟೆ ಹೊಡೆಯದ ಡಬ್ಬ

ಕಂಬ ಹತ್ತುವ ಕೆಲಸದಿಂದ ನಿವೃತ್ತನಾದ ಮೇಲಾದರೂ ಜನರ ಕೈಲಿ ಮಾತು ಕೇಳುವ ಕರ್ಮ ತಪ್ಪುತ್ತದೆ ಅಂದುಕೊಂಡಿದ್ದೆ. ತಪ್ಪಲಿಲ್ಲ. ಮೂವತ್ತು ವರ್ಷ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಮನೆಮನೆಗೆ ಟೆಲಿಫೋನ್ ತಂತಿ ಎಳೆದ ನಾನು ಈಗ ಅದೇ ಮನೆಗಳಿಗೆ ಫೋನೇ ಇಲ್ಲದ ಇಂಟರ್‌ನೆಟ್ ಹಾಕಿಕೊಡುವ ಖಾಸಗಿಯವರ ಹತ್ತಿರ ಸೇರಿಕೊಂಡಿದ್ದೇನೆ. ತಾಮ್ರದ ತಂತಿ ಹೋಗಿ ಫೈಬರ್ ಬಂತು, ಮನೆಯವರು ಮಾತ್ರ ಅವರೇ. ವಾರಕ್ಕೊಂದಾದರೂ ಹೀಗೆ ಏನಾದರೂ ಆಗುತ್ತಲೇ ಇರುತ್ತದೆ.

೧. ಅಜ್ಜಿಯ ಕೊರ್

ಸಿಂಗಟಗೆರೆಯಲ್ಲಿ ಕೆರೆ ಏರಿಯ ಕೆಳಗೆ ಒಂದು ಬೀದಿ. ಆ ಬೀದಿಗೆ ಮೊದಲು ಟೆಲಿಫೋನ್ ಬಂದದ್ದು ಕೊಬ್ಬರಿ ವ್ಯಾಪಾರದವರ ಮನೆಗೆ. ತಂತಿ ಎಳೆದವನು ನಾನೇ. ಬೀದಿಯ ಹನ್ನೆರಡು ಮನೆಗೂ ಅದೇ ನಂಬರು. ಮದುವೆ ಕಾರ್ಡಿನಲ್ಲಿ ಆ ನಂಬರು ಹಾಕಿಸಿ ಪಕ್ಕದಲ್ಲಿ 'ಪಿ.ಪಿ.' ಅಂತ ಸೇರಿಸುತ್ತಿದ್ದರು. ಅಂದರೆ ಫೋನು ಪಕ್ಕದ ಮನೆಯದು, ಕರೆದುಕೊಡುತ್ತಾರೆ ಅಂತ ಅರ್ಥ.

ಕರೆದುಕೊಡುತ್ತಿದ್ದವರು ಆ ಮನೆಯ ಅಜ್ಜಿ. ಆಗಿನ್ನೂ ಅವರು ಅಜ್ಜಿಯಾಗಿರಲಿಲ್ಲ. ಜಗಲಿಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಬೀದಿಯ ಕೊನೆ ಮನೆಯವರೂ ಸೆರಗು ಸಿಕ್ಕಿಸಿಕೊಂಡು ಓಡಿಬರುತ್ತಿದ್ದರು. ಬಂದವರಿಗೆಲ್ಲ ಕಾಫಿ. ಯಾರಿಗೆ ಹೆರಿಗೆಯಾಯಿತು, ಯಾರ ಮಗ ಪಾಸಾದ, ಎಲ್ಲವೂ ಮೊದಲು ಗೊತ್ತಾಗುತ್ತಿದ್ದುದು ಆ ಜಗಲಿಗೆ. ಆಮೇಲೆ ಮೊಬೈಲ್ ಬಂತು. ಆ ಬೀದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಕೆರೆ ಏರಿ ಹತ್ತಬೇಕು. ಜನ ಏರಿ ಹತ್ತಿದರು, ಜಗಲಿ ಹತ್ತುವುದನ್ನು ಬಿಟ್ಟರು.

ಮೊಮ್ಮಗಳ ಓದಿಗೆ ಇಂಟರ್‌ನೆಟ್ ಬೇಕು ಅಂತ ಆ ಮನೆಯವರು ಕರೆಸಿದರು. ಹಳೇ ಲೈನು ಹೇಗೂ ನಿಲ್ಲುವುದರಲ್ಲಿತ್ತು, ಬಿಚ್ಚಿಬಿಡೋಣ ಅಂತ ನಾನು ಪ್ಲೈಯರ್ ತೆಗೆದೆ. ಅಜ್ಜಿ ಅಡ್ಡ ಬಂದರು.

"ಕಿತ್ತಾಕ್ಬೇಡ ಕಣಪ್ಪಾ. ದಿನಾ ಒಂದ್ಸಲ ಎತ್ತಿ ಕೇಳ್ತೀನಿ, ಕೊರ್ ಅಂತೈತೆ. ಅದೂ ಹೋದ್ರೆ ನಮ್ಮನೆ ಬಾಗ್ಲಿಗೆ ಯಾರು ಬತ್ತಾರೆ?"

"ಈಗ ಯಾರು ಬತ್ತಾವ್ರೆ ಅಜ್ಜಿ?"

"ಈಗ ಯಾರೂ ಬರಲ್ಲ. ಆದ್ರೆ ಬರೋಕೆ ಒಂದು ಕಾರಣ ಐತಲ್ಲ."

ಇದು ತಾನಾಗಿ ನಿಂತ ಮೇಲೆ ಹೊಸದು ಹಾಕಿದರಾಯಿತು ಅಂತ ಮನೆಯವರಿಗೆ ಹೇಳಿದೆ. ಪ್ಲೈಯರ್ ಬ್ಯಾಗಿಗೆ ಹಾಕಿಕೊಂಡೆ. ಹೊರಡುವ ಮುಂಚೆ ಸುಮ್ಮನೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಮೂವತ್ತು ವರ್ಷ ನನಗೆ ಅನ್ನ ಹಾಕಿದ ಸದ್ದು ಅದು. ಇಡಲು ಮನಸ್ಸು ಬರಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

"ಯಾಕಪ್ಪಾ, ನಿಂಗೂ ಯಾರೂ ಫೋನ್ ಮಾಡಲ್ವಾ?" ಅಂದರು.

೨. ಬೀರುವಿನೊಳಗೆ

ಅಮೃತಾಪುರದ ಕಡೆ ಒಬ್ಬ ಯಜಮಾನರು. ಹಿಂದೆ ಅವರ ಮನೆಯ ಟೆಲಿಫೋನಿಗೆ ಡಯಲ್ ತಿರುಗದಂತೆ ಪುಟ್ಟ ಬೀಗ ಹಾಕಿರುತ್ತಿದ್ದರು. ಬೀಗದ ಕೈ ಅವರ ಜನಿವಾರದಷ್ಟೇ ಖಾಯಂ ಆಗಿ ಸೊಂಟದಲ್ಲಿರುತ್ತಿತ್ತು ಅಂತ ಬರೆಯಬಹುದಿತ್ತು, ಆದರೆ ಅವರು ಲಿಂಗಧಾರಿಗಳು. ಸೊಂಟದಲ್ಲಿತ್ತು ಅಷ್ಟೆ.

ಅವರ ಮನೆಗೆ ಇಂಟರ್‌ನೆಟ್ ಹಾಕಿ ಬಂದ ಮೂರನೇ ದಿನಕ್ಕೆ ದೂರು: ನೆಟ್ ಬರ್ತಿಲ್ಲ. ಹೋಗಿ ನೋಡಿದರೆ ಗೋಡೆಯ ಮೇಲಿದ್ದ ವೈಫೈ ಡಬ್ಬ ಮಾಯ.

"ಎಲ್ಲಿ ಯಜಮಾನ್ರೆ?"

"ಭದ್ರವಾಗೈತೆ ಬನ್ನಿ" ಅಂತ ಒಳಗೆ ಕರೆದುಕೊಂಡು ಹೋಗಿ ಕಬ್ಬಿಣದ ಬೀರು ತೆರೆದರು. ರೇಷ್ಮೆ ಸೀರೆಗಳ ಮಧ್ಯೆ ಡಬ್ಬ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು. ವೈರು ಹೋಗಲು ಬೀರುವಿನ ಬೆನ್ನಿಗೆ ತೂತು ಕೊರೆಸಿದ್ದರು, ಅದೂ ಬಹಳ ನೀಟಾಗಿ.

"ಕಬ್ಬಿಣ ದಾಟಿ ಬರಲ್ಲ ಕಣ್ರೀ. ಬೀರು ಬಾಗಿಲು ತೆಗೆದೇ ಇರಬೇಕು" ಅಂದೆ. ಗೋಡೆಗೇ ವಾಪಸ್ ಹಾಕೋಣ ಅಂದರೆ ಒಪ್ಪಲಿಲ್ಲ. ಬಹಳ ಹೊತ್ತು ಯೋಚಿಸಿ, ತಾವು ತೋಟಕ್ಕೆ ಹೋದಾಗ ತೆರೆಯಲಿ ಅಂತ ಸೊಂಟದಿಂದ ಬೀರುವಿನ ಬೀಗದ ಕೈ ಬಿಚ್ಚಿ ಹೆಂಡತಿಗೆ ಕೊಟ್ಟರು.

ಆ ತಾಯಿ ನನ್ನನ್ನು ಬಾಗಿಲವರೆಗೆ ಕಳಿಸಿಕೊಡಲು ಬಂದರು. "ನಾನು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತಪ್ಪಾ, ಇವತ್ತೇ ಮೊದ್ಲು ಇದು ನನ್ ಕೈಗೆ ಬಂದಿದ್ದು. ರಿಪೇರಿ ಮಾಡ್ಬೇಡ" ಅಂದರು.

೩. ಶಿಫಾರಸು

ಅಜ್ಜಂಪುರದ ನಿವೃತ್ತ ಮೇಷ್ಟ್ರೊಬ್ಬರು ಹಿಂದೆ ಟೆಲಿಫೋನಿಗೆ ಅರ್ಜಿ ಹಾಕಿ ಏಳು ವರ್ಷ ಕಾದವರು. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗಳು, ಫೋನು ಬಂದಾಗ ಓಡಿಬಂದು ಎತ್ತಿ 'ಹಲೋ' ಅಂದಿದ್ದಳು. ನಾನೇ ಸಾಕ್ಷಿ.

ಈ ಸಲ ಅವರು ಹುಷಾರಾಗಿದ್ದರು. ಇಂಟರ್‌ನೆಟ್ ಬೇಕು ಅಂತ ತೀರ್ಮಾನಿಸಿದವರೇ ಮೊದಲು ಹದಿನೈದು ದಿನ ಅಲೆದು ದೊಡ್ಡವರೊಬ್ಬರ ಶಿಫಾರಸು ಪತ್ರ ತಂದಿಟ್ಟುಕೊಂಡರು. ಆಮೇಲೆ ನನಗೆ ಹೇಳಿದರು. ಬೆಳಗ್ಗೆ ಹೇಳಿದ್ದು, ಹನ್ನೊಂದಕ್ಕೆ ನಾನು ವೈರಿನ ಸುರುಳಿ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಮೇಷ್ಟ್ರ ಮುಖ ಸಪ್ಪಗಾಯಿತು. "ಪತ್ರ ನೋಡೋಕೆ ಮುಂಚೆನೇ ಬಂದ್ಬಿಟ್ಯಾ?"

"ಈಗ ಪತ್ರ ಬೇಡ ಸಾರ್. ಕೇಳಿದ ದಿನವೇ ಕೊಡ್ತೀವಿ."

"ಇಷ್ಟು ಸಲೀಸಾಗಿ ಸಿಗುತ್ತೆ ಅಂದ್ರೆ ಅದು ಒಳ್ಳೇದಿರಲ್ಲ ಕಣೋ" ಅಂದರು. ಕೆಲಸ ಮುಗಿಸಿ ಹೊರಟವನನ್ನು ಕೂರಿಸಿ ಪತ್ರದ ಜೆರಾಕ್ಸಿನ ಮೇಲೆ 'ಮೂಲ ಪ್ರತಿ ತಲುಪಿದೆ' ಅಂತ ನನ್ನ ಕೈಲಿ ಬರೆಸಿ ರುಜು ಹಾಕಿಸಿಕೊಂಡರು. ಮೂಲ ಪ್ರತಿ ಇವತ್ತಿಗೂ ನನ್ನ ಬ್ಯಾಗಿನಲ್ಲಿದೆ. ಏನು ಮಾಡಬೇಕೋ ತಿಳಿಯದು.

೪. ಕಂಪನಿ ರೂಲ್ಸು

ಒಂದು ದಿನ ಸಿಂಗಟಗೆರೆ ಬಸ್ಸಿನ ಕಂಡಕ್ಟರು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು, "ಅಜ್ಜಿ ಹೇಳ್ಕಳಿಸವ್ರೆ. ಕೊರ್ ನಿಂತೋಯ್ತಂತೆ" ಅಂದರು. ಮಾರನೇ ದಿನವೇ ಹೋದೆ.

ಸತ್ತ ಫೋನನ್ನು ಅದಕ್ಕೆ ಹೊದಿಸಿದ್ದ ಕ್ರೋಶಾ ಹೆಣಿಗೆಯ ಬಟ್ಟೆ ಸಮೇತ ಅದರ ಸ್ಟೂಲಿನ ಮೇಲೇ ಬಿಡಬೇಕು ಅನ್ನುವುದು ಅಜ್ಜಿಯ ಷರತ್ತು. ಬಿಟ್ಟೆ. ಪಕ್ಕದಲ್ಲಿ ವೈಫೈ ಡಬ್ಬ ಕೂರಿಸಿದೆ. ಅಜ್ಜಿ ಅದಕ್ಕೆ ಕುಂಕುಮ ಇಟ್ಟು, "ಇದು ಯಾವಾಗ ಗಂಟೆ ಹೊಡಿಯುತ್ತೆ?" ಅಂತ ಕೇಳಿದರು.

"ಹೊಡಿಯಲ್ಲ ಅಜ್ಜಿ."

"ಹಂಗಾದ್ರೆ ಬೀದಿಯೋರನ್ನ ಏನಂತ ಕರೀಲಿ?"

ನಾನು ಮಾತು ಮರೆಸಿ, ಬೇರೆಯವರು ಹೆಚ್ಚು ಬಳಸಿದರೆ ಪಾಸ್‌ವರ್ಡ್ ಹೇಗೆ ಬದಲಾಯಿಸಬೇಕು ಅಂತ ಮೊಮ್ಮಗಳಿಗೆ ತೋರಿಸಿಕೊಟ್ಟೆ. ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಇತ್ತ ಗಮನವಿಲ್ಲ ಅಂದುಕೊಂಡೆ.

ತಿಂಗಳಾಗಿರಲಿಲ್ಲ, ದೂರುಗಳು ಶುರುವಾದವು. ಒಂದಲ್ಲ, ಐದು. ಐದೂ ಅದೇ ಬೀದಿಯವು, ಒಬ್ಬರೂ ನಮ್ಮ ಗಿರಾಕಿಗಳಲ್ಲ. ಅಜ್ಜಿಯ ಮನೆ ಇಂಟರ್‌ನೆಟ್ ದಿನಾ ಬೆಳಗ್ಗೆ ಕೈಕೊಡುತ್ತದೆ ಅಂತ ಪಕ್ಕದ ಮನೆಗಳವರ ತಕರಾರು. ಹಿಂದೆಯೂ ಹೀಗೇ ಇತ್ತು, ಅಜ್ಜಿಯ ಫೋನು ಕೆಟ್ಟರೆ ಕಡೂರಿಗೆ ದೂರು ತರುತ್ತಿದ್ದವರು ಬೀದಿಯವರೇ.

ಹೋಗಿ ನೋಡಿದರೆ ಜಗಲಿ ತುಂಬ ಜನ. ಎಲ್ಲರ ಕೈಯಲ್ಲೂ ಮೊಬೈಲು, ಕಾಫಿ ಲೋಟ. ಅಜ್ಜಿ ನಡುವೆ ಕೂತು ಒಬ್ಬೊಬ್ಬರನ್ನೇ ಹತ್ತಿರ ಕರೆದು, ಮನೆಯ ಸಮಾಚಾರವೆಲ್ಲ ವಿಚಾರಿಸಿ, ಕೊನೆಗೆ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ ಒಬ್ಬಾಕೆ ಎದ್ದು ನಿಂತರು.

"ಏನ್ರೀ ನಿಮ್ ಕಂಪನಿ? ದಿನಾ ಬೆಳಗಾದ್ರೆ ಪಾಸ್‌ವರ್ಡ್ ಬದಲಾಯಿಸ್ತೀರಂತೆ. ದಿನಾ ಇಲ್ಲಿಗೆ ಬಂದು ಕೇಳ್ಕೊಂಡು ಹೋಗ್ಬೇಕಾ?"

ನಾನು ಮೊಮ್ಮಗಳ ಕಡೆ ನೋಡಿದೆ. ಅವಳು ದುಪಟ್ಟಾ ಬಾಯಿಗೆ ಒತ್ತಿ ಹಿಡಿದು ಒಳಗೆ ಓಡಿದಳು. ಅಜ್ಜಿಯ ಕಡೆ ನೋಡಿದೆ. ಅಜ್ಜಿ ತಲೆ ತಗ್ಗಿಸಿ ಮೊರದಲ್ಲಿದ್ದ ಅವರೆಕಾಳನ್ನು ಒಂದೊಂದಾಗಿ ತಿರುವಿ ನೋಡತೊಡಗಿದರು. ಮೊದಲ ದಿನ ಅಜ್ಜಿ ಪಾಸ್‌ವರ್ಡ್ ಒಂದು ಸಲ ಹೇಳಿದ್ದಕ್ಕೆ, ಮಾರನೇ ದಿನದಿಂದ ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು ಮೊಬೈಲು ನೋಡುತ್ತಿದ್ದಿರಬೇಕು. ಗೋಡೆಯಾಚೆಗೂ ಸಿಗುತ್ತದಲ್ಲ.

ಮೂವತ್ತು ವರ್ಷದ ನೌಕರಿಯಲ್ಲಿ ಗಿರಾಕಿಯ ಮುಂದೆ ಸುಳ್ಳು ಹೇಳಿದವನಲ್ಲ ನಾನು. ಆವತ್ತು ಹೇಳಿದೆ.

"ಹೌದಮ್ಮಾ. ಕಂಪನಿ ರೂಲ್ಸು. ಏನೂ ಮಾಡಕ್ಕಾಗಲ್ಲ."

ಬೀದಿಯವರು ಗೊಣಗುತ್ತಾ ಕಾಫಿ ಮುಗಿಸಿದರು. ನನಗೂ ಲೋಟ ಬಂತು. ದೂರಿನ ಪುಸ್ತಕದಲ್ಲಿ 'ಲೈನು ಸರಿ ಇದೆ' ಅಂತ ಬರೆದು ಎದ್ದೆ. ಅಜ್ಜಿ ಮೆಟ್ಟಿಲವರೆಗೆ ಬಂದು, ಯಾರಿಗೂ ಕೇಳದಂತೆ ನನ್ನ ತೋಳು ಜಗ್ಗಿದರು.

"ಏನಪ್ಪಾ, ದಿನಕ್ಕೆ ಎರಡು ಸಲ ಬದಲಾಯ್ಸೋ ರೂಲ್ಸು ಇಲ್ವಾ? ಸಾಯಂಕಾಲ ಜಗಲಿ ಖಾಲಿ ಇರ್ತೈತೆ."