ತತ್ತಿ ಮಾಫ್

ಇಂಥಾವು ಒಂದಲ್ಲ ಎರಡಲ್ಲ, ನನ್ನ ನೌಕರಿ ಉದ್ದಕ್ಕೂ ಆಗ್ತಾನ ಬಂದಾವು. ಆಗಲಾರದ ಏನು ಮಾಡ್ಯಾವು? ಸರಕಾರದ ಬಾಯಿ ಉರ್ದು, ರೈತರ ಕಿವಿ ಕನ್ನಡ, ನಡುವ ಕುಂತಾವ ನಾನು. ನಿಜಾಮರ ಕಾಲ ಅದು. ಬೆಳಿ, ಜಂಗಲ್, ಹೊಳಿ, ಕೆರಿ, ಯಾವುದರ ಬಗ್ಗೆ ಹುಕುಂ ಬಂದ್ರೂ ಉರ್ದುದಾಗ ಬರ್ತಿತ್ತು. ಅದನ್ನ ಕನ್ನಡಕ್ಕ ತಂದು ಬರದು ಕೊಡೂದು ತಾಲೂಕು ಕಚೇರಿಯೊಳಗ ನನ್ನ ಕೆಲಸ. ನಾ ಬರದದ್ದನ್ನ ತಳವಾರ ಹಲಗಿ ಬಾರಿಸಿ ಊರಾಗ ಸಾರತಿದ್ದ. ನನಗ ಉರ್ದು ಎಷ್ಟು ಬರ್ತೈತಿ ಅಂತ ಯಾರೂ ಕೇಳಲಿಲ್ಲ. ಖರೇ ಹೇಳ್ತೀನಿ, ಮುಕ್ಕಾಲು ಪಾಲು ಬರ್ತಿತ್ತು. ಉಳದ ಕಾಲು ಪಾಲು ನನ್ನ ಧೈರ್ಯ.

ಈಗ ಈ ಪ್ರಸಂಗ ಹೇಳಿದ್ರ ಮಂದಿ ಹೊಟ್ಟಿ ಹಿಡಕೊಂಡು ನಗತಾರ. ನಾನೂ ನಗತೀನಿ. ಆದ್ರ ಕಡೀದು ಹೇಳೂ ಹೊತ್ತಿಗೆ ನನ್ನ ನಗು ಎಲ್ಲೋ ಹೋಗಿಬಿಟ್ಟಿರತೈತಿ.

೧. ಗುಡ್ಡ ಬಂದ್

ಮೊದಲ ನೌಕರಿ ಗಂಗಾವತಿ ಕಡೆ. ಮಳಿಗಾಲ ಸುರು ಆಗೂ ಮುಂದ ಒಂದು ಹುಕುಂ ಬಂತು: "ಎರಡು ತಿಂಗಳು ಮಾಹೀಗೀರಿ ಮನಾ." ಮನಾ ಅಂದ್ರ ಮಾಡಬಾರದು ಅಂತ, ಅದು ಗೊತ್ತಿತ್ತು. ಮಾಹೀಗೀರಿ ಗೊತ್ತಿರಲಿಲ್ಲ. ಎರಡು ಸಲ ಓದಿದೆ, ಮೂರು ಸಲ ಓದಿದೆ. ಗೀರಿ, ಗಿರಿ. ಗಿರಿ ಅಂದ್ರ ಗುಡ್ಡ. ನಾಕು ಶ್ಲೋಕ ಬಾಯಿಪಾಠ ಮಾಡಿದ ಮನೆತನ ನಮ್ಮದು, ಅಷ್ಟು ತಿಳೀಬಾರದ? "ಮಹಾಗಿರಿ" ಅಂತ ಬರೀಲಿಕ್ಕೆ ಹೋಗಿ ಯಾವನೋ ಕೈತಪ್ಪಿ ಹಿಂಗ ಬರದಾನ ಅಂತ ತೀರ್ಮಾನ ಮಾಡಿದೆ. ಉರ್ದು ಬಲ್ಲವರು ನಾಕು ಮಂದಿ ಪಕ್ಕದಾಗ ಕುಂತಿದ್ರು. ಕೇಳಿದ್ರ ನನ್ನ ಗಂಟೇನು ಹೋಗ್ತಿತ್ತು? ಕೇಳಲಿಲ್ಲ. ಅಲ್ಪ ವಿದ್ಯಾ ಮಹಾಗರ್ವಿ ಅಂತಾರಲ್ಲ, ಅದು ನಾನ. "ದೊಡ್ಡ ಗುಡ್ಡಕ್ಕ ಎರಡು ತಿಂಗಳು ಯಾರೂ ಹೋಗಬಾರದು" ಅಂತ ಬರದು ಕೊಟ್ಟೆ.

ಗಂಗಾವತಿ ಸೀಮಿಯೊಳಗ ಗುಡ್ಡಕ್ಕೇನು ಬರಗಾಲ? ಕಣ್ಣು ಹಾಯಿಸಿದ ಕಡೆ ಕಲ್ಲು ಗುಡ್ಡನ. ಯಾವುದು ದೊಡ್ಡದು ಅಂತ ನಾನೂ ಬರದಿರಲಿಲ್ಲ, ತಳವಾರನೂ ಕೇಳಲಿಲ್ಲ. ಒಂದೊಂದು ಊರಿನವರು ತಮ್ಮ ತಮ್ಮ ಗುಡ್ಡನ ದೊಡ್ಡದು ಅಂತ ಹಿಡದು ಕುಂತುಬಿಟ್ರು. ಕುರಿಯವರು ಕುರಿ ಹೊಡಕೊಂಡು ಬಯಲಿಗೆ ಬಂದ್ರು, ಪುಳ್ಳಿ ಆರಿಸೂ ಹೆಣ್ಣುಮಕ್ಕಳು ಬರಿಗೈಲೆ ಹೊಳ್ಳಿ ಬಂದ್ರು. ವಿರೂಪಾಪುರಗಡ್ಡಿಯ ಒಬ್ಬ ಮುದುಕ ಕಚೇರಿಗೇ ಬಂದ.

"ನಾವು ಗುಡ್ಡಕ್ಕ ಹೋಗಂಗಿಲ್ರಿ, ಆತು. ಆದ್ರ ಗುಡ್ಡನ ಬಂದು ನಮ್ಮ ಹಿತ್ತಲದಾಗ ಕುಂತೈತಿ. ಅದಕ್ಕ ಯಾರು ಹುಕುಂ ಓದಿ ಹೇಳಾವ್ರು?" ಅಂತ ಕೇಳಿದ.

ಎರಡು ತಿಂಗಳು ಮುಗಿಯೂದರೊಳಗ ಒಬ್ಬ ದೊಡ್ಡ ಸಾಹೇಬರು ಹೊಳಿ ದಂಡಿಗೆ ಬಂದ್ರು. ನೋಡಿದ್ರ ಅಂಬಿಗರು ಹರಗೋಲು ಇಳಿಸಿ ಬಲಿ ಬೀಸ್ಯಾರ, ಬುಟ್ಟಿ ತುಂಬ ಮೀನು, ಒಂದೊಂದರ ಹೊಟ್ಟಿ ತುಂಬ ತತ್ತಿ. ಮಾಹೀಗೀರಿ ಅಂದ್ರ ಮೀನು ಹಿಡಿಯೂದು. ಮರಿ ಮಾಡೂ ಕಾಲ, ಎರಡು ತಿಂಗಳು ಹಿಡೀಬ್ಯಾಡ್ರಿ ಅಂತ ಸರಕಾರ ಹೇಳಿತ್ತು.

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. "ಮನಾ ಐತಿ ಅಂತ ಡಂಗುರ ಸಾರಿದ್ದು ಕೇಳಲಿಲ್ಲೇನು?"

ಹಿರೇ ಅಂಬಿಗ ಕೈ ಮುಗದು ಹೇಳಿದ, "ಕೇಳೀವ್ರಿ ಸಾಹೇಬ್ರ. ಆವತ್ತಿಂದ ಗುಡ್ಡದಾಗ ನಾವು ಒಂದು ಮೀನೂ ಹಿಡದಿಲ್ರಿ."

೨. ನಾ ಕಟಿಗಿ ಏನು?

ಮುಂದಿನ ವರ್ಷ ಆ ದಂಡ್ಯಾಗ ಮೀನು ಕಡಿಮಿ ಆದವು ಅಂತ ಅಂಬಿಗರು ಹೇಳಿದ್ರು. ಅದು ನನ್ನಿಂದನ ಆತು ಅಂತ ಅವರಿಗೆ ಗೊತ್ತಾಗಲಿಲ್ಲ. ಸಾಹೇಬರಿಗೆ ಗೊತ್ತಾಗಿತ್ತು. ಹೊಳಿ ಇಲ್ಲದ, ಮೀನಿನ ಸುದ್ದೀನ ಇಲ್ಲದ ಕುಷ್ಟಗಿ ಕಡೆ ನನ್ನ ಒಗದ್ರು.

ಅಲ್ಲಿ ಬಂದದ್ದು ಜಂಗಲಿನ ಹುಕುಂ. ಒಣಗಿದ ಕಟಿಗಿ ತಲಿ ಮ್ಯಾಲೆ ಒಯ್ಯಬಹುದು, ಬಂಡ್ಯಾಗ ಒಯ್ಯಬಾರದು. ಈ ಸಲ ಒಂದಕ್ಷರ ತಪ್ಪಲಾರದಂಗ ಬರದೆ. ಒಂದಿನ ಒಂದು ಊರಿಗೆ ಕೆಲಸದ ಮ್ಯಾಲೆ ಹೋಗಿದ್ದೆ. ಚಾವಡಿ ಮುಂದ ಗದ್ದಲ. ನೋಡಿದ್ರ ಒಬ್ಬ ಹೆಣ್ಣುಮಗಳು, ಐವತ್ತರ ಮ್ಯಾಲಿನಾಕಿ, ಬಂಡಿ ಮ್ಯಾಲೆ ಸೆಟದು ಕುಂತಾಳ. ಬಂಡಿ ಖಾಲಿ. ಆಕಿ ತಲಿ ಮ್ಯಾಲೆ ಮಾತ್ರ ದೊಡ್ಡ ಕಟಿಗಿ ಹೊರಿ. ಗಂಡ ತೀರಿಕೊಂಡ ಮ್ಯಾಲೆ ತಾನ ಕಮತ ಮಾಡಸ್ತಿದ್ದಾಕಿ, ಊರೆಲ್ಲ ಆಕೀನ ದೊಡ್ಡವ್ವ ಅಂತಿತ್ತು.

ಜಂಗಲ್ ಚೌಕೀದಾರ ಎತ್ತಿನ ಹಗ್ಗ ಹಿಡದು ನಿಂತಿದ್ದ. "ದೊಡ್ಡವ್ವ, ಇಳಿ ಕೆಳಗ. ಬಂಡ್ಯಾಗ ಕಟಿಗಿ ಒಯ್ಯಂಗಿಲ್ಲ."

"ಬಂಡ್ಯಾಗ ಎಲ್ಲೈತೋ? ಕಣ್ಣು ತೆರದು ನೋಡು. ನನ್ನ ತಲಿ ಮ್ಯಾಲೆ ಐತಿ."

"ನೀ ಬಂಡ್ಯಾಗ ಕುಂತೀಯಲ್ಲ?"

"ಹೌದು, ನಾ ಕುಂತೀನಿ. ನಾ ಕಟಿಗಿ ಏನು?"

ಮಂದಿ ಹೋ ಅಂತ ನಕ್ಕಿತು. ಚೌಕೀದಾರ ನನ್ನ ಕಡೆ ತಿರುಗಿ, "ಬರದಾವ್ರು ನೀವ, ನೀವ ಹೇಳ್ರಿ" ಅಂದ. ಹುಕುಂ ತಗದು ಓದಿದೆ. ಆಕಿ ಮಾತಿನಾಗ ಎಲ್ಲೂ ತಪ್ಪು ಹಿಡೀಲಿಕ್ಕೆ ಬರಲಿಲ್ಲ. ಬಿಡು ಅಂದೆ.

ಮಧ್ಯಾಹ್ನ ಆಕಿ ಮನ್ಯಾಗ ಊಟ. ಅಂಥಾ ರೊಟ್ಟಿ ನಾ ಮತ್ತ ಉಂಡಿಲ್ಲ. ಬೆಳ್ಳಗ, ಮೆತ್ತಗ, ನಾಕು ಮಡಿಕಿ ಮಾಡಿದ್ರೂ ಒಡೀಲಾರದ್ದು. "ಇದು ನಮ್ಮತ್ತಿ ಕೊಟ್ಟ ಬೀಜದ ಜ್ವಾಳ ತಮ್ಮ" ಅಂತ ಆಕಿ ಒಳಗ ಕರದು ತೋರಿಸಿದಳು. ಮೂಲ್ಯಾಗ ಮೂರು ಗಡಿಗಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ್ದು. ಪ್ರತಿ ಸುಗ್ಗ್ಯಾಗ ಹೊಲಾ ಎಲ್ಲಾ ತಿರುಗಿ ಛಲೋ ತೆನಿ ಆರಿಸಿ, ಒಣಗಿಸಿ, ಬೂದಿ ಕಲಸಿ ಇಡತಿದ್ದಳಂತ. ಅತ್ತಿಗೆ ಅವರತ್ತಿ ಕೊಟ್ಟಿದ್ದಂತ. ಎಷ್ಟು ತಲಿಮಾರಿಂದು ಅಂತ ಯಾರಿಗೂ ಗೊತ್ತಿಲ್ಲ.

ಹೊರಡೂ ಮುಂದ ಆಕಿ ಅಂದಳು, "ಸರಕಾರ ಉರ್ದುದಾಗ ಏನಂತೈತೋ ನನಗ ತಿಳಿಯಂಗಿಲ್ಲ. ನೀ ಹೇಳಿದ್ದು ನಂಬತೀನಿ ನೋಡು ತಮ್ಮ." ನಾ ಎದಿ ಉಬ್ಬಿಸಿಕೊಂಡು ಬಂದೆ, ಮೂಢ.

೩. ಹನ್ನೆರಡು ಹುಂಜ

ಒಬ್ಬ ಮೇಲಧಿಕಾರಿ ತಿರುಗಾಟಕ್ಕ ಬಂದು ನಮ್ಮ ಕಡೆ ಡೇರೆ ಹಾಕಿದ್ರು. ಅವರ ಅಡಿಗಿಯವ ಹೈದರಾಬಾದಿನ ದೊಡ್ಡ ಮನಿಗಳಾಗ ದುಡದು ಬಂದಾವ. ಅವನ ಮಾತು ಅವನ ಸಾಹೇಬರಿಗಿಂತ ಜಾಸ್ತಿ ಫಾರಸಿ. ನನ್ನ ಕೈಗೆ ಒಂದು ಚೀಟಿ ಕೊಟ್ಟ: "ತುಖ್ಮೆ ಮುರ್ಗ್, ಹನ್ನೆರಡು."

ಮುರ್ಗ್ ಅಂದ್ರ ಕೋಳಿ. ತುಖ್ಮೆ ಅಂದ್ರ? ಗಟ್ಟಿಮುಟ್ಟಾದ್ದು ಅಂತ ಇರಬೇಕು ಅನ್ಕೊಂಡೆ. ಮತ್ತ ಕೇಳಲಿಲ್ಲ ನೋಡ್ರಿ! ಮೂರು ಊರು ತಿರುಗಿ, ನನ್ನ ಜಾತಿ ಕೆಟ್ರೂ ಕೆಡಲಿ ಅಂತ, ಹನ್ನೆರಡು ದಷ್ಟಪುಷ್ಟ ಹುಂಜ ಕಾಲು ಕಟ್ಟಿಸಿ ತಂದೆ. ಸಾಹೇಬರು ಊಟ ಮಾಡಿ ಆಗಷ್ಟ ಕಣ್ಣು ಮುಚ್ಚಿದ್ರು. ಹನ್ನೆರಡೂ ಒಮ್ಮೆಲೆ ಕೂಗಿದವು.

ಅಡಿಗಿಯವ ಹಣಿ ಹಣಿ ಬಡಕೊಂಡ. "ಅರೇ ಮಿಯಾ, ತುಖ್ಮ್ ಅಂದ್ರ ತತ್ತಿ! ತತ್ತಿ!" ಕಿವಿ ಹಿಡಿಸಿ ಹನ್ನೆರಡು ಸಲ ಅನಿಸಿದ. ತುಖ್ಮ್ ಅಂದ್ರ ತತ್ತಿ, ತುಖ್ಮ್ ಅಂದ್ರ ತತ್ತಿ.

ಸಾಹೇಬರು ಎದ್ದು ಬಂದು ಹುಂಜಗಳನ್ನ ನೋಡಿದ್ರು, ನನ್ನ ನೋಡಿದ್ರು. "ತೊಂದರಿ ಇಲ್ಲ, ಇವು ತತ್ತಿ ಇಡೂತನಕ ನೀ ಇಲ್ಲೇ ಕಾಯಿ" ಅಂದ್ರು.

೪. ತತ್ತಿ ಮಾಫ್

ಎಲ್ಲೋ ಯುದ್ಧ ಹತ್ತಿ, ಇಲ್ಲಿ ಕಾಳಿಗೆ ತತ್ವಾರ ಬಂತು. ಸರಕಾರ ಲೆವಿ ಹಾಕಿತು. ಹೊಲದ ಅಳತಿ ನೋಡಿ ಇಂತಿಷ್ಟು ಕಾಳು ಗೋದಾಮಿಗೆ ಕೊಡಲೇಬೇಕು. ಹುಕುಮಿನ ಕಡೀ ಸಾಲು: "ತುಖ್ಮ್ ಮಾಫ್."

ಈ ಮಾತು ನನಗ ಗೊತ್ತಿತ್ತು! ಕಿವಿ ಹಿಡಕೊಂಡು ಕಲತದ್ದು. ಒಂದು ಕ್ಷಣನೂ ತಡೀಲಿಲ್ಲ. "ತತ್ತಿ ಮಾಫ್" ಅಂತ ದುಂಡಗ ಬರದೆ. ಯಾರನ್ನೂ ಕೇಳೂ ಪ್ರಸಂಗನ ಬರಲಿಲ್ಲ ಅಂತ ಖುಷಿನೂ ಆತು.

ತಳವಾರ ಹಲಗಿ ಬಾರಿಸಿದ: "ಜ್ವಾಳ ಕೊಡ್ರಪೋ, ಸಜ್ಜಿ ಕೊಡ್ರಪೋ, ತತ್ತಿ ಮಾಫ್!" ಸುದ್ದಿ ಯಲಬುರ್ಗಾ ದಾಟಿ ಅಳವಂಡಿ ತನಕ ಹೋತು. ಕೋಳಿ ಸಾಕಿದವರಿಗೆ ಹಬ್ಬ. ಆ ಫಾರಸಿ ಅಡಿಗಿಯವ ಮುಂದಿನ ಸಲ ಬಂದು ತತ್ತಿ ಕೇಳಿದ್ರ, "ಸರಕಾರನ ಮಾಫ್ ಮಾಡೈತ್ರಿ, ನೀವ್ಯಾರು ಕೇಳಾವ್ರು?" ಅಂತ ಹೊಳ್ಳಿ ಕಳಿಸಿದ್ರಂತ.

ಲೆವಿಯವರ ಜೋಡಿ ಹುಕುಂ ಓದಿ ಹೇಳಲಿಕ್ಕೆ ನಾ ಹೋಗಬೇಕಿತ್ತು. ದೊಡ್ಡವ್ವನ ಮನಿಗೂ ಹೋದ್ವಿ. ಆಕಿ ಇದ್ದಷ್ಟು ಜ್ವಾಳ ಅಳದು ಕೊಟ್ಟಳು. ಸ್ವಲ್ಪ ಕಡಿಮಿ ಬಿತ್ತು. ಲೆವಿ ಗುಮಾಸ್ತ ಮೂಲ್ಯಾಗಿನ ಗಡಿಗಿ ಕಡೆ ಬಟ್ಟು ಮಾಡಿದ.

"ಅವು ಬೀಜದ್ದು" ಅಂದಳು ಆಕಿ. ಆಮ್ಯಾಲೆ ನನ್ನ ಕಡೆ ತಿರುಗಿದಳು. "ತಮ್ಮ, ಹುಕುಮಿನಾಗ ಬೀಜದ ಮಾತು ಏನಾರ ಐತೇನು, ನೋಡಿ ಹೇಳು."

ಕಾಗದ ನನ್ನ ಕೈಯಾಗ ಇತ್ತು. ನನ್ನ ಬಟ್ಟು ಆ ಸಾಲಿನ ಮ್ಯಾಲೇ ಇತ್ತು. "ಇಲ್ಲ ದೊಡ್ಡವ್ವ, ಬೀಜದ ಮಾತಿಲ್ಲ. ತತ್ತಿ ಅಷ್ಟ ಮಾಫ್."

ಆಕಿ ನಗಲಿಕ್ಕೆ ಹತ್ತಿದಳು. "ಅಯ್ಯ ನನ್ನಪ್ಪ, ಲಿಂಗ ಕಟ್ಟಿದವರ ಮನ್ಯಾಗ ತತ್ತಿ ಮಾಫ್ ಮಾಡಿ ಏನು ಪುಣ್ಯ ಕಟಕೊಂಡೀತೋ ಸರಕಾರ!" ಎಲ್ಲಾರೂ ನಕ್ಕರು. ನಾನೂ ನಕ್ಕೆ. ನಗುನಗುತಾನ ಆಕಿ ಗಡಿಗಿ ಬಾಯಿಯ ಮಣ್ಣು ಒಡದು, ಬೂದಿ ಜಾಡಿಸಿ, ಮೂರೂ ಗಡಿಗಿ ಚೀಲಕ್ಕ ಸುರುವಿದಳು. ಕಡೀ ಗಡಿಗಿ ಬೋರಲು ಹಾಕಿ, ತಳ ಎರಡು ಸಲ ತಟ್ಟಿದಳು. ಆ ಸಪ್ಪಳ ನನಗ ಈಗಲೂ ಕೇಳತೈತಿ.

ಮರುವರ್ಷ ಇನ್ನೊಂದು ಹುಕುಂ ಬಂತು: ಮಳಿ ಬಿದ್ದ ಹದಿನೈದು ದಿನದೊಳಗ "ತುಖ್ಮ್‌ರೇಜಿ" ಮುಗಸಬೇಕು ಅಂತ. ರೇಜಿ ಅಂದ್ರ ಚೆಲ್ಲೂದು, ಅದು ಗೊತ್ತಿತ್ತು. ಈ ಸಲ ಮಾತ್ರ ಅನುಮಾನ ಬಂತು. ಜೀವಮಾನದಾಗ ಮೊದಲ ಸಲ ಎದ್ದು ಹೋಗಿ ಕಚೇರಿಯ ಮುದುಕ ಮುನ್ಷಿಯವರನ್ನ ಕೇಳಿದೆ, "ಮುನ್ಷೀಜಿ, ರೈತರು ಹೊಲದಾಗ ತತ್ತಿ ಯಾಕ ಚೆಲ್ಲಬೇಕ್ರಿ?"

ಮುನ್ಷಿಯವರ ಬಾಯಾಗಿನ ಪಾನ್ ಹಾರಿ ಹೊರಗ ಬಿತ್ತು. ನಕ್ಕು ನಕ್ಕು ಕಣ್ಣೀರು ಒರಸಿಕೊಂಡು ಹೇಳಿದ್ರು, "ಹುಚ್ಚಪ್ಪ, ತುಖ್ಮ್ ಅಂದ್ರ ಬೀಜ! ತತ್ತಿ ಅಂದ್ರ ಕೋಳಿ ಬೀಜ, ಅದಕ್ಕ ಅದನ್ನೂ ತುಖ್ಮ್ ಅಂತಾರ. ತುಖ್ಮ್‌ರೇಜಿ ಅಂದ್ರ ಬಿತ್ತಿಗಿ."

ಕಚೇರಿಗೆ ಕಚೇರೀನ ನಕ್ಕಿತು. ತಿಂಗಳುಗಟ್ಟಲೆ ನನ್ನ ಕಂಡಕೂಡಲೆ, "ಏನ್ರಿ, ನಿಮ್ಮ ಕಡೆ ತತ್ತಿ ಬಿತ್ತಿಗಿ ಸುರು ಆತೇನು?" ಅಂತಿದ್ರು. ನಾ ಮಾತ್ರ ಆವತ್ತು ಹಳೇ ಲೆವಿ ಹುಕುಂ ಹುಡುಕಿ ತಗದು ಆ ಕಡೀ ಸಾಲು ಮತ್ತ ಓದಿದೆ. ಸರಕಾರ ಬೀಜ ಬಿಟ್ಟಿತ್ತು. ಕಸಗೊಂಡಾವ ನಾನು.

ಹೇಳಲೋ ಬ್ಯಾಡೋ ಅಂತ ಎಂಟು ದಿನ ಒದ್ದಾಡಿ, ಕಡೀಗೆ ಆಕಿ ಊರಿಗೆ ಹೋದೆ. ಆಕಿ ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ದಳು. "ಬಾ ತಮ್ಮ, ಹೊತ್ತಿಗೆ ಸರಿಯಾಗಿ ಬಂದಿ" ಅಂದಳು. ಬಡೀತಿದ್ದ ರೊಟ್ಟಿ ನಡುವ ಬಿರಿತು. ಮತ್ತ ಕೂಡಿಸಿ ಬಡದಳು, ಮತ್ತ ಬಿರಿತು. "ಪ್ಯಾಟಿ ಬೀಜದ ಜ್ವಾಳ ಇದು, ಜಿಗೀನ ಇಲ್ಲ. ನಮ್ಮತ್ತಿ ಬೀಜ ಒಂದು ಹಿಡಿ ಸಿಗತೈತೇನು ಅಂತ ಊರೆಲ್ಲ ಹುಡುಕಿದೆ. ಎಲ್ಲಾರೂ ಡಂಗುರ ಕೇಳಿ ಗಡಿಗಿ ಸುರುವಿ ಕೊಟ್ಟಾರ" ಅಂದಳು.

ನಾ ನೆಲ ನೋಡಿಕೋತ ಎಲ್ಲಾ ಹೇಳಿದೆ. ಆ ಸಾಲು, ಆ ಮಾತು, ಹನ್ನೆರಡು ಹುಂಜ, ಮುನ್ಷಿ ಹೇಳಿದ್ದು, ಒಂದೂ ಬಿಡಲಿಲ್ಲ. "ತಪ್ಪಾತು ದೊಡ್ಡವ್ವ. ಯಾರನ್ನರ ಒಂದು ಮಾತು ಕೇಳಿದ್ರ ನಿನ್ನ ಬೀಜ ನಿನ್ನ ಮನ್ಯಾಗ ಇರತಿತ್ತು" ಅಂದೆ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಎರಡೂ ಒಮ್ಮೆಲೆ ಹೋಗಿದ್ದವು.

ಆಕಿ ಕೈ ನಿಂತಿತು. ಬಯ್ಯಲಿ ಅಂತ ಕಾದೆ. ಬೈದಿದ್ರ ಎಷ್ಟೋ ಛಲೋ ಇತ್ತು. ಹಂಚಿನ ಮ್ಯಾಲಿನ ರೊಟ್ಟಿ ಕರಕಾಗಿ ಹೊಗಿ ಎದ್ದಿತು. ಆಕಿ ಸೆರಗಿಲೆ ಕಣ್ಣು ಒರಸಿಕೊಂಡಳು, ಹೊಗೀಗೋ ಏನೋ. ಆ ರೊಟ್ಟಿ ತಗದು, ಒಡದ ತುಂಡು ಕೂಡಿಸಿ ನನ್ನ ಮುಂದ ಗಂಗಾಳದಾಗ ಇಟ್ಟಳು. ಆಮ್ಯಾಲೆ ಭುಜ ಕುಣಿಸಿಕೋತ ನಗಲಿಕ್ಕೆ ಸುರು ಮಾಡಿದಳು.

"ಉಣ್ಣು ತಮ್ಮ, ಉಣ್ಣು. ಆಗಿದ್ದು ಆತು. ನಮ್ಮ ಬೀಜ ಹೋದ್ರೇನು, ನಿನ್ನ ಪುಣ್ಯಾದಿಂದ ಕೋಳಿ ಬೀಜರ ಉಳೀತಲ್ಲ."