ಉಸುಕಿನಲ್ಲಿ ಕಾದ ಮೋಸಂಬಿಗಳ ಪರವಾಗಿ ದೌರಾ ಸಾಹೇಬರಿಗೆ

ಮಾನ್ಯರೇ,

ಜಿಲ್ಲೆಯ ರಸ್ತೆಗಳೆಲ್ಲ ಯಾರ ದಾರಿ ಕಾಯುತ್ತ ಧೂಳು ಹಿಡಿದಿವೆಯೋ ಆ ಊರೂರು ತಪಾಸಣೆಗೆ ತಿರುಗುವ ದೌರಾ ಸಾಹೇಬರ ಸನ್ನಿಧಾನಕ್ಕೆ, ಹತ್ತಿಕುಣಿಯ ತೋಟದ ಜಗದೇವಪ್ಪನು ರುಮಾಲು ಸರಿಪಡಿಸಿಕೊಂಡು, ಊರವರೆಲ್ಲ ಕೇಳುವಂತೆ ಮಾಡುವ ಅರಿಕೆ.

ದೀಪಾವಳಿಯ ಹೊತ್ತಿಗೆ ತಮ್ಮ ಚಪರಾಸಿ ಯಂಕಣ್ಣ ಬಂದು, "ಸಾಹೇಬ್ರು ದೌರಾ ಬರಾಕತ್ತಾರ, ಈ ಗಿಡದ ಮೋಸಂಬಿ ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಮಾಡಿದಾಗ ನಮಗಾದ ಹಿಗ್ಗನ್ನು ಏನೆಂದು ಬಣ್ಣಿಸಲಿ! ಹಣ್ಣು ಉದುರಿ ಹಾಳಾದೀತೆಂದು ನನ್ನ ಹೆಂಡತಿ ಶಿವಬಸಮ್ಮ ಒಂದೊಂದನ್ನೂ ತೊಟ್ಟು ಉಳಿಯುವಂತೆ ಕತ್ತರಿಸಿ, ಪೆಟ್ಟು ತಿಂದದ್ದನ್ನು ಬೇರೆ ತೆಗೆದು, ಉಳಿದದ್ದನ್ನು ಒಂದಕ್ಕೊಂದು ತಾಗದಂತೆ ಗಡಿಗೆಗಳ ತಣ್ಣನೆಯ ಉಸುಕಿನಲ್ಲಿ ಹೂತಿಟ್ಟಳು. ತಾವು ಎಳ್ಳಮಾವಾಸ್ಯೆಗೆ ಬರುತ್ತೇನೆಂದಿರಿ, ಆಮೇಲೆ ಸಂಕ್ರಾಂತಿಗೆ ಎಂದಿರಿ. ಮನೆಯ ತಂಪು ಕೋಣೆ ಮೋಸಂಬಿಗೆ ಹೋಯಿತು, ಒಲೆ ಅಂಗಳಕ್ಕೆ ಬಂತು, ನಾನು ಎತ್ತುಗಳ ಪಕ್ಕ ಮಲಗಿದೆ. ಒಂದು ಕೊಳೆತರೆ ಗಡಿಗೆಯೇ ಕೆಡುವುದೆಂದು ಶಿವಬಸಮ್ಮ ಆಗಾಗ ಉಸುಕು ಕೆದಕಿ, ಕೂಸಿನ ಜ್ವರ ನೋಡುವವಳಂತೆ ಹಣ್ಣುಗಳ ಮೈ ಮುಟ್ಟಿ ನೋಡುತ್ತಿದ್ದಳು. ಬಾರದೇ ಇದ್ದು ಇಷ್ಟು ವಿದ್ಯೆ ಕಲಿಸಿದ ಗುರುಗಳು ತಮ್ಮನ್ನು ಬಿಟ್ಟರೆ ಇನ್ನಾರಿದ್ದಾರೆ?

ಇಷ್ಟರಲ್ಲಿ ನಮ್ಮ ಸೊಸೆ ಮಲ್ಲಿಕಮ್ಮ ಬಸುರಾಗಿ, ತಿಂದ ತುತ್ತು ಹೊಟ್ಟೆಯಲ್ಲಿ ನಿಲ್ಲದೆ ಹಾಸಿಗೆ ಹಿಡಿದಳು. "ಅತ್ತಿ, ಒಂದು ತೊಳಿ ಕೊಡ್ರಿ" ಎಂದು ಕೇಳಿಕೊಂಡಳು. ಕಚೇರಿಯ ಭಯಕ್ಕೆ ಗಡಿಗೆ ಮುಟ್ಟುವ ಧೈರ್ಯ ನಮಗಾಗಲಿಲ್ಲ. ಸಂಕ್ರಾಂತಿ ಕಳೆದು ಯಂಕಣ್ಣ ಮತ್ತೆ ಬಂದು, "ಶಿವರಾತ್ರಿಗೆ ಖಾತ್ರಿರಿ" ಎಂದ. ಶಿವಬಸಮ್ಮ ಎದ್ದವಳೇ ಅವನೆದುರಿಗೇ ಗಡಿಗೆಗೆ ಕೈಹಾಕಿ, ಎಲ್ಲಕ್ಕಿಂತ ದೊಡ್ಡ ಹಣ್ಣು ತೆಗೆದು ಸುಲಿಯತೊಡಗಿದಳು.

"ಸಾಹೇಬ್ರಿಗೆ ನಾ ಏನ್ ಹೇಳ್ಲಿ ಯವ್ವಾ?" ಎಂದು ಯಂಕಣ್ಣ ಕೇಳಿದ.

"ಅವರು ದೌರಾ ಮುಂದ ಹಾಕಬಹುದು. ಈಕಿ ಹಸಿವಿ ಮುಂದ ಹಾಕಾಕ ಬರ್ತದೇನು? ಹೋಗಿ ಹಂಗ ಹೇಳು."

ಮಲ್ಲಿಕಮ್ಮ ಕಣ್ಣು ಮುಚ್ಚಿ ತಿಂದಳು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಯಂಕಣ್ಣ ಬೆತ್ತ ಗೋಡೆಗೊರಗಿಸಿ, ಎರಡನೆಯ ಹಣ್ಣನ್ನು ತಾನೇ ಸುಲಿದುಕೊಟ್ಟ. ಹೋಗಿ ಏನು ಹೇಳಿದನೋ ತಮಗೇ ಗೊತ್ತು.

ಗಡಿಗೆಗಳು ಬರಿದಾಗುವಷ್ಟರಲ್ಲಿ ಅವಳು ಎದ್ದು ಓಡಾಡತೊಡಗಿದಳು. ಕಾರಹುಣ್ಣಿಮೆಯ ಮರುದಿನ ಮೊಮ್ಮಗಳು ಹುಟ್ಟಿದಳು. ಅತ್ತರೆ ತೋಟದ ಗಿಳಿಗಳೆಲ್ಲ ಹಾರುತ್ತವೆ.

ಆದ್ದರಿಂದ ನನ್ನ ದೂರೇನೆಂದರೆ, ಇಂಥ ಉಪಕಾರ ನಮ್ಮೊಂದು ಮನೆಗೇ ಏಕೆ? ಶಹಾಪುರದಿಂದ ಸುರಪುರದವರೆಗೆ ಬಸುರಿ ಇರುವ ಪ್ರತಿ ಮನೆಗೂ ತಾವು ಬರುವಿರೆಂದು ಹೇಳಿಕಳಿಸಿ, ಹಣ್ಣು ಕಾದಿರಿಸಿ, ದಯಮಾಡಿ ಎಲ್ಲಿಗೂ ಬಾರದೆ ಇರಬೇಕು.

ತಮ್ಮ ವಿಶ್ವಾಸಿ,
ಜಗದೇವಪ್ಪ

ತಾ.ಕ.: ಇದೀಗ ಯಂಕಣ್ಣ ಬಂದು, ತಾವು ದಸರಾ ಆದ ಮೇಲೆ ಖಂಡಿತ ಬರುವಿರೆಂದು ತಿಳಿಸಿದ. ಶಿವಬಸಮ್ಮ ಈ ಸಲ ತಮ್ಮ ಹೆಸರಿನಲ್ಲಿ ನಿಂಬೆಕಾಯಿಯ ಉಪ್ಪಿನಕಾಯಿ ಹಾಕಿದ್ದಾಳೆ. ಅದು ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಅವಸರ ಮಾಡಬೇಡಿ.