ಸ್ಕೆಲ್‌ವಿಕ್ ಊರಿನ ಒಂದೇ ಒಂದು ಮತ

ರಾಷ್ಟ್ರೀಯ ಗೀತಸ್ಪರ್ಧೆಯ ಮುಖ್ಯಸ್ಥರಿಗೆ,
ರೇಕ್ಯಾವಿಕ್.

ಮಾನ್ಯರೇ,

ಯೂರೋಪಿನ ಹಾಡಿನ ಪಂದ್ಯಕ್ಕೆ ನಮ್ಮ ದ್ವೀಪದ ಹಾಡನ್ನು ಆರಿಸುವ ಭಾರವನ್ನು ಪ್ರತಿ ಚಳಿಗಾಲವೂ ಹೊರುವ ತಮಗೆ, ನೂರ ನಲವತ್ತು ಜನರ ಸ್ಕೆಲ್‌ವಿಕ್‌ನಿಂದ ಗೌರವಪೂರ್ವಕ ವಂದನೆಗಳು. ದೂರು ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ; ನಮ್ಮೂರಿನಲ್ಲಿ ಹವಾಮಾನವನ್ನು ಬಿಟ್ಟು ಬೇರಾವುದರ ಮೇಲೂ ದೂರು ಹೇಳುವ ರೂಢಿಯಿಲ್ಲ.

ಮೀನು ಕಾರ್ಖಾನೆಯ ಹಾಲ್‌ಬೆರಾ ಹಾಡಿದ, ನಾನು ಬರೆದ ಹಾಡು ಅಂತಿಮ ಸುತ್ತಿಗೆ ಬಂದಾಗ, ಅದನ್ನು ಇಂಗ್ಲಿಷಿಗೆ ತರಲು ತಾವು ತಜ್ಞರನ್ನೇ ಒದಗಿಸಿದಿರಿ. 'ಅಪ್ಪನ ಉಣ್ಣೆಯ ಕೈಗವಸು ಇನ್ನೂ ಒದ್ದೆ' ಎಂಬ ಸಾಲು ಅವರ ಕೈಯಲ್ಲಿ 'ನನ್ನೆದೆಯಲ್ಲಿ ಬೆಂಕಿ' ಎಂದಾಯಿತು. ಒದ್ದೆಯಾದದ್ದನ್ನು ಇಷ್ಟು ಬೇಗ ಒಣಗಿಸಬಲ್ಲವರನ್ನು ನಾವು ಈ ಕರಾವಳಿಯಲ್ಲಿ ಕಂಡಿರಲಿಲ್ಲ. ಹಾಡುವವರ ಕೂದಲು ಹಾರಿಸಲು ವೇದಿಕೆಯಲ್ಲಿಟ್ಟ ಗಾಳಿಯಂತ್ರವನ್ನು ನೋಡಿ ಅಂಗಡಿಯ ಸ್ಟೈನ್‌ವರ್, "ಗಾಳಿಗೂ ಯಂತ್ರ ಬೇಕಿತ್ತಾ? ಕೇಳಿದ್ರೆ ನಾವೇ ಪುಕ್ಕಟೆ ಕಳಿಸ್ತಿದ್ವಲ್ಲೇ!" ಎಂದಳು.

ಇವು ದೂರುಗಳಲ್ಲ, ಮೆಚ್ಚುಗೆಗಳು. ದೂರು ಇರುವುದು, ಪಾರದರ್ಶಕತೆಯ ಹೆಸರಿನಲ್ಲಿ ಮರುವಾರ ತಾವು ಪ್ರಕಟಿಸಿದ ಪಟ್ಟಿಯ ಬಗ್ಗೆ: ಯಾವ ಊರಿನಿಂದ ಯಾವ ಹಾಡಿಗೆ ಎಷ್ಟು ಮತ ಎಂಬುದು. ಹಾಲ್‌ಬೆರಾ ಸೋತದ್ದು ಇಪ್ಪತ್ತೊಂಬತ್ತು ಮತಗಳಿಂದ. ಬಂದರಿನ ವಿಷಯಕ್ಕೆ ಮೂವತ್ತು ವರ್ಷಗಳಿಂದ ನಮ್ಮೊಡನೆ ಮಾತು ಬಿಟ್ಟಿರುವ ಎದುರು ದಡದ ಊರಿನಿಂದ ಅವಳಿಗೆ ಐವತ್ತೆರಡು ಮತ. ಸ್ಕೆಲ್‌ವಿಕ್‌ನಿಂದ ಒಂದು.

ಅಂತಿಮ ಸುತ್ತಿನ ಸಂಜೆ ಊರೆಲ್ಲ ಸಮುದಾಯ ಭವನದಲ್ಲಿ ಟಿವಿಯ ಮುಂದೆ ಕೂತಿತ್ತು. ಚೆಂದದ ಸ್ವೆಟರ್ ಹೆಣೆದವರು 'ತೋಳು ಸ್ವಲ್ಪ ಸೊಟ್ಟ' ಎಂದು ತಾವೇ ಹೇಳಿಬಿಡುವ ಊರು ನಮ್ಮದು. ತಮ್ಮವಳಿಗೆ ಮತ ಹಾಕುವುದೆಂದರೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಂತೆ. "ನಮ್ಮೋಳಿಗೆ ನಾವೇ ಹಾಕ್ಕೊಂಡ್ರೆ ಜನ ಏನಂದಾರು?" ಎಂದ ಮುದಿ ನಾವಿಕ ಗಿಸ್ಲಿ. "ನಾನೊಬ್ಳು ಹಾಕದಿದ್ರೆ ಏನಾಗತ್ತೆ, ನೀವೆಲ್ಲ ಇದ್ದೀರಲ್ಲ" ಎಂದಳು ಸ್ಟೈನ್‌ವರ್. ಹಾಡು ಬರೆದವಳೇ ಫೋನಿನಲ್ಲಿ ಮತ ಒತ್ತಿದರೆ ಚೆನ್ನಾಗಿರುವುದಿಲ್ಲವೆಂದು ನಾನು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಪಕ್ಕದವರಿಗೆ ಅಷ್ಟು ಸಂಕೋಚವಿರಲಾರದೆಂದು ಎಲ್ಲರೂ ನಂಬಿದ್ದೆವು.

ಪಟ್ಟಿಯನ್ನು ಹಾಲ್‌ಬೆರಾ ಕಾರ್ಖಾನೆಯ ಕಾಫಿ ವಿರಾಮದಲ್ಲಿ ಓದಿದಳು. "ಒಳ್ಳೇದೇ ಆಯ್ತು ಬಿಡಿ, ನಂಗೂ ಅಷ್ಟೇನೂ ಬರಲ್ಲ" ಎಂದು ಚಾಕು ಎತ್ತಿಕೊಂಡಳು. ಹದಿನೆಂಟು ವರ್ಷ ಮೀನು ಸೀಳುತ್ತ ಹಾಡಿದವಳು ಹನ್ನೊಂದು ದಿನಗಳಿಂದ ಒಂದು ಸಾಲೂ ಹಾಡಿಲ್ಲ. ಈಗ ಅಲ್ಲಿ ರೇಡಿಯೋ ಹಾಕಿದ್ದಾರೆ. ಅದರಲ್ಲಿ ತಾವು ಆರಿಸಿದ ಹಾಡೇ ಬರುತ್ತದೆ, ಗಂಟೆಗೆ ಎರಡು ಸಲ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಆ ಸಂಜೆ ಬಿರುಗಾಳಿಯಿಂದ ಸ್ಕೆಲ್‌ವಿಕ್‌ನ ಫೋನುಗಳು ಸತ್ತಿದ್ದವೆಂದು ತಾವೊಂದು ತಿದ್ದುಪಡಿ ಹೊರಡಿಸಬೇಕು. ಬಿರುಗಾಳಿಯನ್ನು, ದಿನಾಂಕ ಹಿಂದಕ್ಕೆ ಹಾಕಿ, ನಾವು ಒದಗಿಸುತ್ತೇವೆ. ಅದಾಗದಿದ್ದರೆ ಮುಂದಿನ ವರ್ಷ ಮನೆಗೊಬ್ಬ ಪೊಲೀಸನನ್ನು ಕಳಿಸಿ ನಮ್ಮ ಬೆರಳು ಹಿಡಿದು ಒತ್ತಿಸಬೇಕು. ಬಲವಂತಕ್ಕೆ ಮೆಚ್ಚಿದೆವೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಾಗದು.

ತಮ್ಮ ವಿಶ್ವಾಸಿ,
ಅರ್ನ್‌ಡಿಸ್,
ಗ್ರಂಥಪಾಲಕಿ, ಸ್ಕೆಲ್‌ವಿಕ್

ತಾ.ಕ.: ತಮ್ಮ ಪಾರದರ್ಶಕತೆಯನ್ನು ದಯವಿಟ್ಟು ಆ ಒಂದು ಮತ ಯಾರದೆಂದು ಹೇಳುವವರೆಗೂ ಬೆಳೆಸಬೇಡಿ. ಈಗಾಗಲೇ ಅರವತ್ತಮೂರು ಜನ ಒಬ್ಬೊಬ್ಬರಾಗಿ ಹಾಲ್‌ಬೆರಾಳ ಬಾಗಿಲು ತಟ್ಟಿ, ಅದು ತಮ್ಮದೇ ಎಂದು ಗುಟ್ಟಾಗಿ ಹೇಳಿ ಬಂದಿದ್ದಾರೆ. ಅರವತ್ತನಾಲ್ಕನೆಯವಳು ನಾನು. "ನೀನೂನಾ?" ಎಂದಳು ಅವಳು, "ಬಾ ಒಳಗೆ, ಕಾಫಿ ಮುಗೀತಾ ಬಂತು."